ನಿಂತವನ ಎತ್ತರ

ಏಣಿಯ ಹದಿನಾಲ್ಕನೇ ಮೆಟ್ಟಿಲಲ್ಲಿ ನಾನು,
ಮಣಿಕಟ್ಟಿಗೆ ದಾರ ಕಟ್ಟಿದ ಸ್ಪ್ಯಾನರು, ಹಲ್ಲಲ್ಲಿ ಟೇಪು.
ಹೊರಗೆ ಡಂಡೀಯಲ್ಲಿ ನಾಲ್ಕಕ್ಕೇ ಕತ್ತಲು; ನಮಗೇನು,
ಒಳಗೆ ಯಾವಾಗಲೂ ರಾತ್ರಿಯೇ.

ಏಲಿ ಬಂದಿಲ್ಲ, ಪರೀಕ್ಷೆಯಂತೆ.
ಅವಳ ಗುರುತಿನ ಮೇಲೆ ಸ್ಟ್ರೂವನ್ ನಿಂತ,
ಸೆಟ್ಟು ಕಟ್ಟುವವ, ಹುಬ್ಬಿನ ತುಂಬ ಮರದ ಹೊಟ್ಟು.
‘ಬಿಸಿ ಎಲ್ಲಿ ತಾಗುತ್ತೆ?’
ಕಣ್ಣು ಮುಚ್ಚಿ ಮೂಗು ಮುಟ್ಟಿ ತೋರಿಸಿದ.
ಬೋಲ್ಟು ಬಿಗಿದೆ. ಅಂಗೈ ಚುರ್ರೆಂದಿತು.

ಮೊದಲ ಪ್ರದರ್ಶನ. ಹನ್ನೊಂದನೇ ಕ್ಯೂ.
ಏಲಿ ಅಳುತ್ತಾಳೆ, ಚೆನ್ನಾಗಿಯೇ;
ಬೆಳಕು ಮಾತ್ರ ಅವಳ ನೆತ್ತಿ ಸವರಿ
ಗೇಣುದ್ದ ಮೇಲೆ
ಯಾರೂ ಇಲ್ಲದ ಕಡೆ ನಿಂತುಬಿಟ್ಟಿದೆ.
ಹೆಡ್‌ಫೋನಿನಲ್ಲಿ ಮೊರಾಗ್ ಬೈಯುತ್ತಲೇ ಇದ್ದಾಳೆ:
ಯಾರ ಮುಖಕ್ಕೆ ಹಿಡಿದಿದ್ದೀಯ ಅದನ್ನ?

ಪಕ್ಕದ ಪರದೆಯ ಸಂದಿಯಲ್ಲಿ
ಸುತ್ತಿಗೆ ಹಿಡಿದು ನಿಂತ ಸ್ಟ್ರೂವನ್
ತಲೆಯೆತ್ತಿ ನೋಡಿದ,
ಮೆಲ್ಲಗೆ
ಮೂಗು ಮುಟ್ಟಿಕೊಂಡ.