ಹೊಗೆಯ ಬಣ್ಣ

ಲಿಮರಿಕ್ ಪೇಟೆಯ ಹೊಸ ಪಬ್ಬಿಗೆ
ನೂರು ವರ್ಷ ವಯಸ್ಸಾಗಬೇಕಿತ್ತು,
ಶುಕ್ರವಾರದೊಳಗೆ.

ಗ್ರಾನ್ಯ ಏಣಿ ಹತ್ತಿದಳು.
ಬಿಳಿ ಚಾವಣಿಗೆ ಕಡು ಚಹಾ, ತುಸು ಅರಗು,
ಒದ್ದೆ ಸ್ಪಂಜು:
ಯಾರೂ ಸೇದದ ಸಿಗರೇಟಿನ ಹಳದಿ.

ಬೆಂಚಿನ ಅಂಚಿಗೆ ಸರಪಳಿಯಲ್ಲಿ ಬಡಿದೆವು.
ಲೋಟದ ಕಲೆಗಳನ್ನು ನಾನೇ ಒತ್ತಿದೆ,
ಜಗಳವಾಡಿ ರಾಜಿಯಾದವರು ಕೂತೆದ್ದ ಹಾಗೆ
ಒಂದರ ಮೇಲೊಂದು.
ಮಾಲೀಕ ಬಂದು,
‘ಆ ಮೂಲೆಗೆ ಇನ್ನೊಂಚೂರು ದುಃಖ ಬೇಕು’ ಅಂದ.
ಬಲ್ಬು ಬದಲಿಸಿದೆವು.

ಮೊದಲು ಬಂದ ಮುದುಕ
ಕೋಟು ಬಿಚ್ಚದೆ ತಲೆಯೆತ್ತಿ ನೋಡಿದ.
‘ಇಲ್ಲೇ, ಇದೇ ಬೆಂಚು. ನಮ್ಮಪ್ಪ ಕೂರುತ್ತಿದ್ದದ್ದು.’

ಮೊನ್ನೆ ಮೊನ್ನೆಯವರೆಗೂ ಇದು ಟೈರಿನ ಗೋದಾಮು.
ಬಾಯಿ ತೆರೆದೆ;
ಗ್ರಾನ್ಯ ಕಾಲು ತುಳಿದಳು.

ಕಪ್ಪು ಬಿಯರು ಬಂತು. ಅವನು
ನನ್ನ ಕಲೆಗಳನ್ನು ತಪ್ಪಿಸಿ
ತುಸು ಪಕ್ಕಕ್ಕೆ ಲೋಟ ಇಟ್ಟ.