ಕೆಟ್ಟ ಹಾಳೆ

ಗೊರಾಝ್ದೆಯಲ್ಲಿ ಆಗ ನನಗೆ ಹದಿನೈದು.
ಅಚ್ಚಿನ ಯಂತ್ರದ ಪೆಡಲು ತುಳಿಯುವುದು ನನ್ನ ಕೆಲಸ,
ಕರೆಂಟು ಇರಲಿಲ್ಲವಲ್ಲ.
ವಾಷಿಂಗ್ ಮೆಷಿನ್ನಿನ ಮೋಟಾರು ಕಟ್ಟಿದ ಚಕ್ರಗಳು
ಸೇತುವೆಯ ಕೆಳಗೆ ದ್ರಿನಾ ಹೊಳೆಯಲ್ಲಿ ತೇಲುತ್ತ
ಒಂದು ಬಲ್ಬಿಗಾಗುವಷ್ಟು ಬೆಳಕು ಕೊಡುತ್ತಿದ್ದವು,
ಅದೂ ಹೊಳೆಗೆ ಮನಸ್ಸಿದ್ದಾಗ.

ಮೊಳೆ ಜೋಡಿಸುವವನು ವೆಹಿದ್.
ಉಲ್ಟಾ ಓದಿ ಓದಿ ಅವನಿಗೆ
ಜನರ ಮುಖವೂ ತಿರುವುಮುರುವಾಗಿ ಕಾಣುತ್ತಿತ್ತೇನೋ.
“ಐನೂರು ವರ್ಷದ ಹಿಂದೆಯೇ ಇಲ್ಲಿ ಅಚ್ಚುಕೂಟವಿತ್ತು,
ದೇವರ ಪುಸ್ತಕ ಒತ್ತುತ್ತಿದ್ದರು,” ಅನ್ನುತ್ತಿದ್ದ.
“ನಮಗೆ ನೋಡು,
ದೇವರು ಬರೀ ಹೆಸರು ಕಳಿಸುತ್ತಾನೆ.”

ಗೋಡೆಗೆ, ಮರಕ್ಕೆ ಅಂಟಿಸುವ ಸಾವಿನ ಚೀಟಿ.
ಮುಸಲ್ಮಾನರಿಗೆ ಹಸಿರು ಅಂಚು, ಕ್ರೈಸ್ತರಿಗೆ ಕಪ್ಪು.
ಹಸಿರು ಮಸಿ ಮೊದಲ ಚಳಿಗಾಲಕ್ಕೇ ತೀರಿತು.
ಆಮೇಲೆ ಎಲ್ಲರಿಗೂ ಕಪ್ಪೇ.
ಹೆಸರು, ಹುಟ್ಟಿದ ವರ್ಷ, ಅಡ್ಡಗೆರೆ, ಇನ್ನೊಂದು ವರ್ಷ.
ಆ ಇನ್ನೊಂದು ವರ್ಷದ ಮೊಳೆಗಳನ್ನು
ಬಿಚ್ಚದೆ ಹಾಗೇ ಇಟ್ಟಿದ್ದೆವು,
ದಿನಾ ಬೇಕಾಗುತ್ತಿತ್ತು.

ಮಸಿ ಹದಕ್ಕೆ ಬರುವ ತನಕ
ಮೊದಲ ಒಂದೆರಡು ಹಾಳೆ ಕೆಡುವುದು ಸಹಜ.
ಕೆಡಿಸಲಿಕ್ಕೆ ಕಾಗದ ಎಲ್ಲಿತ್ತು?
ಕಾರ್ಖಾನೆಯ ಹಾಜರಿ ಪುಸ್ತಕ ಮುಗಿದು
ಶಾಲೆಯ ಭೂಪಟಗಳ ಬೆನ್ನಿಗೆ ಬಂದಿದ್ದೆವು.
ಅದಕ್ಕೇ ಕೆಡಲಿಕ್ಕೆಂದೇ ಒಂದು ಹಾಳೆ ಇಟ್ಟಿದ್ದ ವೆಹಿದ್,
ದಪ್ಪನೆಯದು, ಒಂದೇ.
ಪ್ರತಿ ಹೆಸರೂ ಮೊದಲು ಅದರ ಮೇಲೆ,
ನಿನ್ನೆಯದರ ಮೇಲೆ ಇಂದಿನದು,
ಕೊನೆಯ ಬಸ್ಸಿನಲ್ಲಿ
ಒಬ್ಬರ ತೊಡೆಯ ಮೇಲೊಬ್ಬರು ಕೂತ ಹಾಗೆ.

ಝ ಇದ್ದದ್ದು ಒಂದೇ.
ಶೆಲ್ ಬಿದ್ದ ದಿನ ಮೊಳೆಪೆಟ್ಟಿಗೆ ಮಗುಚಿ
ದೊಡ್ಡ ಅಕ್ಷರದ್ದು ಉಳಿದದ್ದು ಅಷ್ಟೇ.
ಅದರ ನೆತ್ತಿಯ ಮೇಲೊಂದು ಗುರುತು,
ಮಕ್ಕಳು ಆಕಾಶಕ್ಕೆ ಬಿಡಿಸುವ ಹಕ್ಕಿಯಂಥದ್ದು,
ಒಂದು ರೆಕ್ಕೆ ಮುರಿದಿತ್ತು.
ಊರಿನ ಹೆಸರಿಗೂ ಅದೇ ಬೇಕು.
ಸತ್ತವರ ಹೆಸರಿನಲ್ಲಿ ಝ ಬಂದರೆ
ಊರನ್ನು ಬಿಟ್ಟುಬಿಡುತ್ತಿದ್ದೆವು.

ಬೋಝಿದಾರ್, ಗಡಿಯಾರ ರಿಪೇರಿಯವನು,
ತನ್ನವರೆಲ್ಲ ಹೋದರೂ ಊರು ಬಿಡದ ಸೆರ್ಬ್,
ನೀರಿನ ಸಾಲಿನಲ್ಲಿ ನಿಂತಲ್ಲೇ ಹೋದ.
ಹೆಂಡತಿ ಬಂದು ಸಿರಿಲಿಕ್ ಲಿಪಿ ಕೇಳಿದಳು.
ವೆಹಿದ್ ಆ ಪೆಟ್ಟಿಗೆ ಎಳೆದು ತೋರಿಸಿದ, ಅರ್ಧ ಖಾಲಿ.
“ಯಾವುದರಲ್ಲಾದರೂ ಹಾಕು,
ಓದಲಿಕ್ಕೆ ಬಂದರೆ ಸಾಕು,” ಅಂದಳು.
ಮೂರು ದಿನ ಬಿಟ್ಟು ಮುನಿಬ್ ಝುನಿಚ್.
ಅದೇ ಝ.

ಈಗ ಆ ಹಾಳೆ ಗ್ರಾಟ್ಸಿನ ಗ್ಯಾಲರಿಯೊಂದರಲ್ಲಿ
ಎರಡು ದಾರಕ್ಕೆ ತೂಗುತ್ತಿದೆ.
ನಡುವೆ ಗಟ್ಟಿ ಕಪ್ಪು, ಅಂಚಿಗೆ ಬಂದರೆ
ಅಲ್ಲೊಂದು ಅಕ್ಷರದ ಕಾಲು, ಇಲ್ಲೊಂದು ಭುಜ.
ಪಕ್ಕದ ಚೀಟಿ ನನ್ನನ್ನು ಕಲಾವಿದ ಅನ್ನುತ್ತದೆ.
ನಾನು ಪೆಡಲು ತುಳಿದವನು.
ನನಗೆ ಗೊತ್ತಿರುವ ಕಲೆ
ಸೀಮೆಎಣ್ಣೆಯಲ್ಲಿ ಉಜ್ಜಿದರೂ
ಉಗುರಿನ ಸಂದಿಯಲ್ಲಿ ಉಳಿಯುವುದು.

“ಈ ಪದರಗಳ ಅರ್ಥ?” ಕೇಳಿದನೊಬ್ಬ ಹುಡುಗ.
“ಕಾಗದ ಇರಲಿಲ್ಲ,” ಅಂದೆ.
ಬರೆದುಕೊಂಡ.

ಮೂರನೆಯ ದಿನ ಮುನಿಬನ ಅಕ್ಕ ರೆಮ್ಜಿಯಾ ಬಂದರು,
ಇದೇ ಊರಿನ ಆಸ್ಪತ್ರೆಯಲ್ಲಿ
ಮೂವತ್ತು ವರ್ಷ ನೆಲ ಒರೆಸಿದವರು.
ಕನ್ನಡಕ ಹಣೆಗೇರಿಸಿದರು, ಇಳಿಸಿದರು,
ಮೂಗು ತಾಗುವಷ್ಟು ಹತ್ತಿರ ಹೋದರು.
ಹಕ್ಕಿ ಸಿಕ್ಕಿತು.
“ಇದು ನಮ್ಮವನದೋ, ಬೋಝಿದಾರನದೋ?”

ಮೇಲೆ ಕೂತ ಮಸಿ ತುಸು ಹೊಳೆಯುತ್ತದೆ,
ಓರೆಯಾಗಿ ನಿಂತು ನೋಡಿದರೆ ಗೊತ್ತಾಗುತ್ತದೆ.
ನಾನು ಹೇಳಲಿಲ್ಲ.

ಅವರು ಹಾಳೆಯ ಹಿಂದಕ್ಕೆ ಹೋದರು.
ಬೆನ್ನಿಗೆ ಮಸಿಯಿಲ್ಲ, ಉಬ್ಬುಗಳಷ್ಟೇ,
ಒಂದೊಂದು ಹೆಸರಿಗೂ ನನ್ನ ಕಾಲು ಕೊಟ್ಟ ಭಾರ.
ಕಾಳಿನಲ್ಲಿ ಕಲ್ಲು ಹುಡುಕುವ ಹಾಗೆ
ಬೆರಳಾಡಿಸಿದರು, ಕಣ್ಣು ಮುಚ್ಚಿ,
ಬಲದಿಂದ ಎಡಕ್ಕೆ.

ಕಾವಲಿನ ಹುಡುಗಿ ಓಡಿ ಬಂದಳು, “ಮುಟ್ಟಬಾರದು!”
“ಬಿಡಮ್ಮ,” ಅಂದೆ,
“ಕರಡು ನೋಡುತ್ತಿದ್ದಾರೆ.”