ಗಜ್ಜುಗ

ಉಳವಿಯ ಗುತ್ಯಮ್ಮ ಶಿವಮೊಗ್ಗಕ್ಕೆ ಬಂದದ್ದು ಮೊದಲ ಬಸ್ಸಿಗೆ.
ತೋಳು ಚಾಚಿ ಕೂತಳು: "ಎಷ್ಟು ಬೇಕೋ ತಗಳಿ."
ಹೋದ ವರ್ಷ ದರಗು ಗುಡಿಸಲು ಕಾಡಿಗೆ ಹೋದವರು ಮೂವರು.
ಉಣುಗು ಕಚ್ಚಿದ್ದು ಮೂವರಿಗೂ.
ಜ್ವರ ಇಳಿದದ್ದು ಇವಳೊಬ್ಬಳಿಗೆ.

ಅವಳ ನೆತ್ತರ ತಿಳಿಯನ್ನು
ಫಾರ್ಮಲಿನ್‌ನಲ್ಲಿ ಸತ್ತ ವೈರಸ್ಸಿನ ಜೊತೆ ಒಂದು ಗಂಟೆ ಕೂರಿಸಿ,
ಸಾಸಿವೆಗಿಂತ ತುಸು ಅಗಲದ ತಾಮ್ರದ ಜಾಲರಿಗೆ ಹನಿ ಬಿಟ್ಟು,
ಯುರೇನಿಯಂ ಉಪ್ಪಿನ ನೀರು ತಾಗಿಸಿ
ಹೀರುಕಾಗದದ ಅಂಚಿನಲ್ಲಿ ಒಣಗಿಸಿದೆ.
ಅಷ್ಟರಲ್ಲಿ ಕರೆಂಟ್ ಹೋಯಿತು.
ಯಂತ್ರದೊಳಗೆ ನಿರ್ವಾತ ಮತ್ತೆ ಕೂಡಿಬರುವಾಗ ಸಂಜೆ ಏಳು.
ಅವಳು ಹೋಗಿರಲಿಲ್ಲ. "ಕಂಡೇ ಹೋಗ್ತೀನಿ."

ಎಂಬತ್ತು ಸಾವಿರ ಪಟ್ಟು.
ಮುಳ್ಳಿರುತ್ತೆ ಅಂದುಕೊಂಡಿದ್ದಳು.
"ಇದೆಂತದು, ಗಜ್ಜುಗದ ಬೀಜ!"
ಹೌದು. ಬೂದು, ದುಂಡು, ನುಣುಪು.
ಸಂದಿಲ್ಲದೆ ಹೆಣೆದ ಪ್ರೋಟೀನಿನ ಚಿಪ್ಪು;
ಹಿಡಿಯುವವರಿಗೆ ಹಿಡಿಯೆಲ್ಲಿ?

ಆದರೂ ಹಿಡಿದಿದ್ದವು.
ಬಲಮೂಲೆಯ ಒಂದು ಬೀಜದ ಸುತ್ತ
ಮಸುಕು ಕವೆಗಳು,
ಗೊನೆಬಾಳೆಗೆ ಆನಿಸುವ ಕೋಲಿನಂಥವು,
ಎತ್ತಿ ನಿಲ್ಲಿಸಲಿಕ್ಕಲ್ಲ,
ಒಳಗೆ ಬಿಡದಿರಲಿಕ್ಕೆ.

"ಇವು ನಿಮ್ಮವು" ಎಂದೆ.
"ನಂದಾ?"
ಬೆರಳು ಪರದೆಗೆ ತಾಗದಂತೆ ಎಣಿಸಿದಳು.
ಹನ್ನೊಂದು.
"ಕೆರಿಯಮ್ಮ, ಹೊಳೆಲಿಂಗ... ಅವರ ಮೈಯಾಗೆ ಇವು ಹುಟ್ಟಲಿಲ್ವಾ?"
ಹುಟ್ಟಿರಬಹುದು, ತಡವಾಗಿ.
ಅದನ್ನು ಹೇಳಲಿಲ್ಲ.

ಪುಸ್ತಕದಲ್ಲಿ ಬರೆದೆ:
ಮಾದರಿ ನಲವತ್ತೊಂದು. ಚಿತ್ರ ಅಲುಗಿದೆ. ಮತ್ತೆ ತೆಗೆಯಬೇಕು.
ತಲೆ ಎತ್ತುವಷ್ಟರಲ್ಲಿ ಅವಳು
ಇನ್ನೊಂದು ತೋಳಿನ ಕುಪ್ಪಸ ಮೇಲೆ ಸರಿಸಿಕೊಂಡಿದ್ದಳು.